ತೊಳೆದ ಚಿತ್ರ

ಮಹಾನವಮಿಯ ಅಮಾವಾಸ್ಯೆಯೊಳಗೆ ನಮ್ಮ ಕಡೆ ಮನೆಯ ಪ್ರತಿಯೊಂದು ವಸ್ತುವೂ ನೀರು ಕಾಣಬೇಕು. ಕೌದಿ, ಜಮಖಾನ, ಹಿತ್ತಾಳೆ ಕೊಡ, ಅಟ್ಟದ ಮೇಲಿನ ಡಬ್ಬಿಗಳು, ಕೊನೆಗೆ ಬಾಗಿಲು ಕಿಟಕಿ ಕೂಡ. ನವರಾತ್ರಿಯ ಘಟ ಕೂಡಿಸಿದ ಮೇಲೆ ತೊಳೆಯುವ ಮಾತಿಲ್ಲ. ಹಗರಿಬೊಮ್ಮನಹಳ್ಳಿಯ ನಮ್ಮ ಮನೆಯಲ್ಲಿ ಈ ಕೆಲಸಕ್ಕೆ ನಾನು ಪಟ್ಟಿ ಬರೆದು ಇಟ್ಟುಕೊಳ್ಳುತ್ತೇನೆ. ದಿನಕ್ಕೊಂದು ಕೋಣೆ. ಪ್ರೌಢಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿ ದುಡಿದವನು ನಾನು. ಒಂದು ಕೆಲಸ ಮುಗಿಯದೆ ಇನ್ನೊಂದಕ್ಕೆ ಕೈ ಹಾಕುವುದು ನನಗೆ ಆಗದು.

ಎರಡು ವರ್ಷದ ಹಿಂದಿನ ಮಹಾನವಮಿಗೆ ಹೆಂಡತಿ ಊರಲ್ಲಿರಲಿಲ್ಲ. ತಮ್ಮನ ಮಗಳ ಬಾಣಂತನಕ್ಕೆಂದು ತವರಾದ ಮಾಗಳಕ್ಕೆ ಹೋಗಿದ್ದಳು. ಹೊರಡುವಾಗ, "ಎಲ್ಲಾ ನೀವ ಮಾಡಾಕ ಹೋಗಬ್ಯಾಡ್ರಿ, ನಾ ಬರ್ತೀನಿ" ಎಂದಿದ್ದಳು. ಅವಳು ಬರುವಷ್ಟರಲ್ಲಿ ಪಟ್ಟಿ ಪೂರ್ತಿ ಮುಗಿದಿರಬೇಕೆಂದು ನಾನು ಆಗಲೇ ತೀರ್ಮಾನಿಸಿದ್ದೆ.

ಪಡಸಾಲೆಯ ಗೋಡೆಯ ಮೇಲೆ ಒಂದು ಚಿತ್ರವಿತ್ತು. ಈ ಮನೆಯ ಗೃಹಪ್ರವೇಶಕ್ಕೆ ಬಂದವರು ಸ್ಟೀಲಿನ ಪಾತ್ರೆ ತಂದರು, ಗಡಿಯಾರ ತಂದರು. ಗಡಿಯಾರಗಳೇ ಐದಾದವು. ನಮ್ಮ ಶಾಲೆಯ ಚಿತ್ರಕಲಾ ಮಾಸ್ತರ ಮಾತ್ರ ಹಳೆಯ ಪೇಪರಿನಲ್ಲಿ ಸುತ್ತಿದ ಒಂದು ಚಿತ್ರ ತಂದುಕೊಟ್ಟ. ಅವನು ಹಡಗಲಿಯವನು, ನನ್ನ ವಾರಿಗೆಯವನು. ನಾಲ್ಕು ಭಾನುವಾರ ಮಾಗಳದ ದಂಡೆಯ ಮೇಲೆ ಕೂತು ಬರೆದದ್ದಂತೆ. ತುಂಗಭದ್ರೆ, ಬೋರಲು ಹಾಕಿದ ಹರಿಗೋಲು, ಬಟ್ಟೆ ಒಗೆಯುವ ಬಂಡೆ. ಹೊಳೆಯ ನೀರು ಮಾತ್ರ ಕೆಂಪು ಕೆಂಪಾಗಿತ್ತು. ಬಣ್ಣ ತಪ್ಪಾಗಿದೆ ಎಂದುಕೊಂಡೆ. ಗೆಳೆಯನಲ್ಲವೇ ಎಂದು ಸುಮ್ಮನಿದ್ದೆ.

ಹೆಂಡತಿ ಅದನ್ನು ನೋಡಿದವಳೇ, "ಹೊಸಾ ನೀರು ಬಂದೈತಲ್ರಿ ಅಣ್ಣಾರ. ಮ್ಯಾಲಿನ ಸೀಮ್ಯಾಗ ಮಳಿ ಹಿಡದೈತಿ" ಎಂದಳು.

ಅವನು ನನ್ನ ಕಡೆ ತಿರುಗಿ, "ನೋಡಲೇ ಸೀಟಿ, ಇದಕ್ಕ ಕಣ್ಣು ಅಂತಾರ" ಎಂದ. ಶಾಲೆಯಲ್ಲಿ ಎಲ್ಲರೂ ನನ್ನನ್ನು ಬೆನ್ನ ಹಿಂದೆ ಸೀಟಿ ಮಾಸ್ತರ ಎನ್ನುತ್ತಿದ್ದರು. ಮುಖದೆದುರೇ ಅನ್ನುತ್ತಿದ್ದವನು ಅವನೊಬ್ಬ.

ಅಂದಿನಿಂದ ಅದು ಅವಳ ಚಿತ್ರ. ಅಕ್ಕಿ ಆರಿಸುವಾಗ, ಫೋನಿನಲ್ಲಿ ಮಗಳೊಡನೆ ಮಾತಾಡುವಾಗ ಅವಳ ಮುಖ ಆ ಗೋಡೆಯ ಕಡೆಗೇ ಇರುತ್ತಿತ್ತು. ನಾನೂ ದಿನಾ ಅದರ ಮುಂದೆ ಓಡಾಡುತ್ತಿದ್ದೆ. ನೋಡುತ್ತಿದ್ದೆ ಎನ್ನಲಾರೆ.

ಪಡಸಾಲೆಯ ಸರದಿ ಬಂದ ದಿನ ಚಿತ್ರ ಇಳಿಸಿದೆ. ಗಾಜಿನ ಒಳಗೆ ಧೂಳು ಸೇರಿತ್ತು. ಹಿಂದಿನ ಮೊಳೆ ಬಿಚ್ಚಿ ಗಾಜು ತೆಗೆದು ಸೋಪು ಹಾಕಿ ತೊಳೆದೆ. ಚೌಕಟ್ಟು ಒರೆಸಿದೆ. ಉಳಿದದ್ದು ಕಾಗದ. ಬಣ್ಣವೆಂದರೆ ನನಗೆ ಗೊತ್ತಿದ್ದದ್ದು ಗೋಡೆಯ ಬಣ್ಣ, ಬಾಗಿಲಿನ ಬಣ್ಣ. ಅವನ್ನು ವರ್ಷವರ್ಷ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇವೆ, ಏನೂ ಆಗುವುದಿಲ್ಲ. ಬಟ್ಟೆ ಹಿಂಡಿ, ಬಲ ತುದಿಯಿಂದ ಶುರುಮಾಡಿ, ಮೇಲಿನಿಂದ ಕೆಳಕ್ಕೆ ಎಳೆದೆ. ಮೂರನೆಯ ಎಳೆತಕ್ಕೆ ಕೈಯಲ್ಲಿದ್ದ ಬಟ್ಟೆ ಕೆಂಪಾಗಿದ್ದು ಕಂಡಿತು. ಗಾಬರಿಯಲ್ಲಿ ಕಾಗದವನ್ನು ತಲೆಕೆಳಗಾಗಿ ಎತ್ತಿ ಹಿಡಿದೆ. ಅದರ ಮೇಲಿದ್ದ ಕೆಂಪು ನೀರು ಆಕಾಶದ ತುಂಬ ಹರಿಯಿತು. ಹರಿಗೋಲು ಹೋಯಿತು, ಆಚೆಯ ದಂಡೆ ಹೋಯಿತು, ಬಲಮೂಲೆಯಲ್ಲಿದ್ದ ಗೆಳೆಯನ ರುಜುವೂ ಹೋಯಿತು.

ಹೆಂಡತಿ ಬರಲು ಮೂರು ದಿನವಿತ್ತು. ಆ ಚಿತ್ರದ ಫೋಟೋ ನನ್ನ ಮೊಬೈಲಿನಲ್ಲಿತ್ತು, ಮಗಳು ಯಾವಾಗಲೋ ತೆಗೆದದ್ದು. ನಮ್ಮೂರಲ್ಲಿ ಮಾಡಿಸಿದರೆ ಸುದ್ದಿ ನನಗಿಂತ ಮೊದಲು ಮನೆ ಮುಟ್ಟುತ್ತದೆ ಎಂದು ಕೊಟ್ಟೂರಿಗೆ ಹೋಗಿ ಒಂದು ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿದೆ. ಸ್ಟುಡಿಯೋದವನು ಚುರುಕಿನವನು. "ಸರ್, ಹೊಳಿ ನೀರು ರಾಡಿ ರಾಡಿ ಇತ್ತು. ಕಂಪ್ಯೂಟರದಾಗ ಕ್ಲೀನ್ ಮಾಡೀನಿ ನೋಡ್ರಿ" ಎಂದ. ಹೊಳೆ ತಿಳಿ ನೀಲಿಯಾಗಿತ್ತು. ನಿಜ ಹೇಳಬೇಕೆಂದರೆ ನನಗೆ ಅದು ಮೊದಲಿನದಕ್ಕಿಂತ ಚೆನ್ನಾಗಿಯೇ ಕಂಡಿತು. ಅದೇ ಚೌಕಟ್ಟಿಗೆ ಹಾಕಿ, ಅದೇ ಮೊಳೆಗೆ ನೇತುಹಾಕಿ, ಒದ್ದೆಯಾಗಿ ಒಣಗಿದ್ದ ಮೂಲ ಕಾಗದವನ್ನು ಅಲಮಾರಿನ ಹಿಂದೆ ಸೇರಿಸಿದೆ.

ಅವಳು ಬಂದಳು. ಚೀಲ ಇಳಿಸಿದಳು. ಕಾಲು ತೊಳೆದು ಒಳಗೆ ಬಂದವಳು ಗೋಡೆಯ ಮುಂದೆ ನಿಂತಳು.

"ಇದು ಯಾವ ಊರ ಹೊಳಿ ರೀ?"

"ನಿಮ್ಮೂರದ."

"ನಮ್ಮೂರ ಹೊಳಿಗೆ ಬಿಳೇ ಅಂಗಿಗೆ ಹಾಕಿದಂಗ ನೀಲಿ ಹಾಕ್ಯಾರಲ್ಲ, ಯಾರು ಒಗದಾರ?"

ನನಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅಲಮಾರಿನ ಹಿಂದಿನಿಂದ ಕಾಗದ ತೆಗೆದು ಕೊಟ್ಟೆ. ಅವಳು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಬೈಯುತ್ತಾಳೆಂದು ಕಾದೆ.

"ತೊಳದದ್ದು ಇರ್ಲಿ ಬಿಡ್ರಿ, ಗೊತ್ತಿಲ್ಲದ ಮಾಡೀರಿ. ಬದಲಿ ತಂದು ಹಾಕಿ ಸುಮ್ಮನ ನಿಂತಿದ್ರಲ್ಲ, ನನಗ ಗೊತ್ತಾಗಂಗಿಲ್ಲ ಅಂತ ತಿಳಕಂಡಿದ್ರೇನು?" ಎಂದಳು. ಪ್ರಿಂಟನ್ನು ತಾನೇ ಇಳಿಸಿ ನನ್ನ ಕೈಗಿಟ್ಟಳು. "ಅಣ್ಣಾರ ಮುಂದ ಹೋಗಿ ನಿಮ್ಮ ಬಾಯಿಲೇ ಹೇಳ್ರಿ. ಅಲ್ಲೀತನಕ ಈ ಗ್ವಾಡಿಗೆ ಏನೂ ಬ್ಯಾಡ."

ಹಬ್ಬದ ಒಂಬತ್ತು ದಿನವೂ ಗೋಡೆ ಬರಿದೇ ಇತ್ತು. ಅಡುಗೆಯಾಯಿತು, ಪೂಜೆಯಾಯಿತು, ಬನ್ನಿ ಕೊಟ್ಟದ್ದೂ ಆಯಿತು. ನಮ್ಮಿಬ್ಬರ ನಡುವೆ ಮಾತಿತ್ತು, ಆದರೆ ಬೇಕಾದಷ್ಟೇ ಇತ್ತು. ಅವಳು ಅಕ್ಕಿಯ ಮೊರ ಹಿಡಿದು ಹಿತ್ತಲಿಗೆ ಹೋಗಿ ಕೂರತೊಡಗಿದಳು.

ನಾನು ಆ ದಿನಗಳಲ್ಲಿ ಮನೆಯ ವಸ್ತುಗಳನ್ನೆಲ್ಲ ಒಮ್ಮೆ ಮನಸ್ಸಿನಲ್ಲೇ ನೋಡಿದೆ. ಫ್ಯಾನು ಕೆಟ್ಟರೆ ಇನ್ನೊಂದು ಬರುತ್ತದೆ. ಕ್ಯಾಲೆಂಡರ್ ಹರಿದರೆ ಕಿರಾಣಿ ಅಂಗಡಿಯವರು ಮತ್ತೊಂದು ಕೊಡುತ್ತಾರೆ, ಅದೇ ದೇವರು, ಅದೇ ಬಣ್ಣ. ಬದಲಿ ಸಿಗುವುದನ್ನೇ ನಾನು ವ್ಯವಸ್ಥೆ ಎಂದುಕೊಂಡಿದ್ದೆ. ಈ ಕಾಗದಕ್ಕೆ ಮಾತ್ರ ಬದಲಿ ಇರಲಿಲ್ಲ. ಅದು ಲೋಕದಲ್ಲಿ ಒಂದೇ ಇತ್ತು, ಒಂದು ಮಳೆಗಾಲದ ಆರಂಭದಲ್ಲಿ ಒಬ್ಬ ಮನುಷ್ಯ ದಂಡೆಯ ಮೇಲೆ ಕೂತು ಕಂಡದ್ದು, ಮತ್ತು ಅದು ಇಷ್ಟು ವರ್ಷ ನಮ್ಮ ಪಡಸಾಲೆಯಲ್ಲಿತ್ತು. ಅಂಥದ್ದನ್ನು ಮನೆಯಲ್ಲಿಟ್ಟುಕೊಂಡವನು ಅದರ ಮುಂದೆ ಒಂದು ದಿನವೂ ನಿಲ್ಲಲಿಲ್ಲ.

ಹಬ್ಬ ಕಳೆದ ಭಾನುವಾರ ಕಾಗದವನ್ನು ಎರಡು ರಟ್ಟಿನ ನಡುವೆ ಇಟ್ಟು ಕಟ್ಟಿಕೊಂಡು ಮೊದಲ ಬಸ್ಸಿಗೆ ಹಡಗಲಿಗೆ ಹೋದೆ. ನಿವೃತ್ತಿಯ ನಂತರ ನಾವಿಬ್ಬರೂ ಎಲ್ಲೋ ಮದುವೆ ಮನೆಗಳಲ್ಲಿ ಕಂಡದ್ದಷ್ಟೇ. ಅವನು ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದ.

"ಏನಲೇ ಸೀಟಿ, ಊದದ ಬಂದೀಯಲ್ಲ? ಬಗಲಾಗ ಏನದು?"

ಸುತ್ತಿ ಬಳಸದೆ ಹೇಳಿದೆ. ತೊಳೆದದ್ದು, ಕೊಟ್ಟೂರಿನ ಪ್ರಿಂಟು, ನೀಲಿ ಹೊಳೆ, ಎಲ್ಲವನ್ನೂ. ಅವನು ಮೊದಲು ಬಾಯಿ ತೆರೆದು ನೋಡಿದ. ನೀಲಿ ಹೊಳೆಯ ಮಾತಿಗೆ ಬಂದಾಗ ನಗತೊಡಗಿದ.

"ಹೊಳೀನ ಮಾರ್ನಮಿಗೆ ತೊಳದ ಮನಷ್ಯಾನ ಹಡಗಲಿ ತಾಲ್ಲೂಕಾಗ ಯಾರೂ ನೋಡಿರಲಿಕ್ಕಿಲ್ಲ ಬಿಡು!"

"ನಗಬ್ಯಾಡೋ. ಇನ್ನೊಂದು ಬರಕೊಡು. ಮಾಗಳಕ್ಕ ನಾನ ಕರಕಂಡು ಹೋಗ್ತೀನಿ."

ಅವನು ಲೋಟ ಕೆಳಗಿಟ್ಟ. ಬಲಗೈಯನ್ನು ನನ್ನ ಮುಂದೆ ಚಾಚಿದ. ಅದು ತಾನಾಗಿಯೇ ನಡುಗುತ್ತಿತ್ತು. "ಎರಡು ವರ್ಷ ಆತು. ಅನ್ನ ಉಣ್ಣೂದು ಚಮಚದಾಗ" ಎಂದ.

ರಟ್ಟಿನ ಕಟ್ಟನ್ನು ಕಟ್ಟೆಯ ಮೇಲಿಟ್ಟೆ. ಅವನೇ ಕಾಗದ ಬಿಡಿಸಿ ತೊಡೆಯ ಮೇಲೆ ಇಟ್ಟುಕೊಂಡು ನೋಡಿದ. ಆಮೇಲೆ ಕೇಳಿದ:

"ತಂಗೆವ್ವ ಇದರಾಗ ಏನ ನೋಡ್ತಿದ್ಲು?"

"ಚಿತ್ರ ನೋಡ್ತಿದ್ಲು."

"ಚಿತ್ರದಾಗ ಎಲ್ಲಿ? ಹರಿಗೋಲೋ, ದಂಡೀನೋ?"

ಗೊತ್ತಿರಲಿಲ್ಲ. ಹೆಂಡತಿಗೆ ಫೋನು ಹಚ್ಚಿ ಅವನ ಕೈಗೆ ಕೊಟ್ಟೆ. ಸ್ಪೀಕರ್ ಹಾಕಿ ಅವಳನ್ನೇ ಕೇಳಿದ.

"ಬಟ್ಟಿ ಒಗಿಯೋ ಬಂಡೀ ಮುಂದ್ರಿ ಅಣ್ಣಾರ," ಎಂದಳು ಅವಳು, ಯೋಚಿಸುವ ಅಗತ್ಯವೇ ಇಲ್ಲದವಳಂತೆ. "ಬಂಡಿ ಮಗ್ಗಲಾಗ ಹಳೇ ತಿಳಿ ನೀರು ಇರತೈತಲ್ಲ, ಅದಕ್ಕ ಕೆಂಪು ನೀರು ಬಂದು ಕೂಡತೈತಿ. ನಾವು ಹುಡುಗ್ಯಾರು ಆ ಗೆರಿ ಕಂಡ ಕೂಡಲೇ ಬಟ್ಟಿ ಎತ್ಕಂಡು ಮ್ಯಾಲೆ ಬರ್ತಿದ್ವಿ. ನಮ್ಮವ್ವ ದಂಡೀ ಮ್ಯಾಲಿಂದ ಕೂಗ್ತಿದ್ಲು."

ಇಷ್ಟು ವರ್ಷದಲ್ಲಿ ಈ ಮಾತನ್ನು ನಾನು ಕೇಳಿರಲಿಲ್ಲ. ಅವಳು ಹೇಳಿರಲಿಲ್ಲವೆಂದಲ್ಲ, ನಾನು ಕೇಳಿರಲಿಲ್ಲ.

ಬಂಡೆ ಇದ್ದದ್ದು ಎಡಗಡೆ, ಕೆಳಮೂಲೆಯಲ್ಲಿ. ನನ್ನ ಬಟ್ಟೆ ಅಲ್ಲಿಯವರೆಗೆ ಹೋಗಿರಲಿಲ್ಲ. ಅಂಗೈ ಎರಡರಷ್ಟು ಜಾಗದಲ್ಲಿ ಬಂಡೆ, ತಿಳಿ ನೀರು, ಅದರೊಳಗೆ ಬಂದು ಸೇರುತ್ತಿರುವ ಕೆಂಪು, ಎಲ್ಲವೂ ಹಾಗೆಯೇ ಇದ್ದವು. ಹತ್ತಿರದಿಂದ ನೋಡಿದರೆ ಬಣ್ಣದ ಕೆಳಗೆ ಪೆನ್ಸಿಲಿನ ಗೆರೆ ಕಾಣುತ್ತಿತ್ತು. ಬಂಡೆಯನ್ನು ಮೊದಲು ಒಂದು ಕಡೆ ಬರೆದು, ಆಮೇಲೆ ಸ್ವಲ್ಪ ಸರಿಸಿದ್ದ.

"ಇಷ್ಟು ಕತ್ತರಿಸಿ ಗಾಜಿನ ಕಟ್ಟು ಹಾಕಿಸು. ಸಾಕು," ಎಂದ.

"ನೀನ ಕತ್ತರಿಸು."

"ಈ ಕೈಯಾಗಾ? ಮೈದಾನಕ್ಕ ದಾರ ಹಿಡೀದ ನೆಟ್ಟಗ ಸುಣ್ಣದ ಗೆರಿ ಹಾಕ್ತಿದ್ದವ ನೀನು. ಬ್ಲೇಡು ತಗಾ."

ಸ್ಟೀಲಿನ ಸ್ಕೇಲು ಇಟ್ಟೆ. ಬ್ಲೇಡು ಹಿಡಿದೆ. ಕೆಡಿಸಿದ್ದು ಸಾಲದು ಎಂಬಂತೆ ಈಗ ಕೊಯ್ಯುವುದೂ ನನ್ನ ಪಾಲಿಗೇ ಬಂದಿತ್ತು. ಅವನು ಸ್ಕೇಲಿನ ಮೇಲೆ ನಡುಗುವ ಕೈಯನ್ನು ಒತ್ತಿ ಇಟ್ಟ. ಒತ್ತಿದಾಗ ಕೈ ನಿಂತಿತು. ನಾಲ್ಕು ಗೆರೆ ಎಳೆದೆ. ಎಳೆಯುತ್ತಾ ಆ ಚಿತ್ರವನ್ನು ಮೊದಲ ಸಲ ಪೂರ್ತಿ ನೋಡಿದೆ. ಕೆಂಪಿನಲ್ಲಿ ಎಷ್ಟೊಂದು ಬಗೆಯ ಕೆಂಪಿತ್ತು.

ರುಜು ಇಲ್ಲದ್ದು ಅವನಿಗೆ ಸರಿ ಬರಲಿಲ್ಲ. ಪೆನ್ಸಿಲ್ ತರಿಸಿ, ಉಸಿರು ಹಿಡಿದು, ಮೂಲೆಯಲ್ಲಿ ಮತ್ತೆ ಬರೆದ. ಅಕ್ಷರಗಳು ಓರೆಕೋರೆಯಾಗಿ, ಬಿಟ್ಟು ಬಿಟ್ಟು ಬಂದವು. "ಅಳಿಸಲೇನು?" ಎಂದ. ಬೇಡವೆಂದೆ.

ಹಗರಿಬೊಮ್ಮನಹಳ್ಳಿಯಲ್ಲಿ ಇಳಿದವನೇ ಕಟ್ಟು ಹಾಕುವ ಅಂಗಡಿಗೆ ಹೋಗಲಿಲ್ಲ, ನೇರ ಮನೆಗೆ ಹೋದೆ. ಹೆಂಡತಿ ರಟ್ಟು ಬಿಚ್ಚಿ, ಚಿಕ್ಕದಾದ ಕಾಗದವನ್ನು ಅಂಗೈಯ ಮೇಲೆ ಇಟ್ಟುಕೊಂಡಳು. ನೀರಿನ ಗೆರೆಯ ಮೇಲೆ ಬೆರಳು ಮುಟ್ಟಿಸದೆ ಓಡಿಸಿದಳು. ಗೆರೆ ಮುಗಿದ ಕಡೆ ರುಜುವಿತ್ತು. ಅಲ್ಲಿ ಬೆರಳು ನಿಂತಿತು.

"ಅಣ್ಣಾರ ಕೈ ಇಷ್ಟು ನಡಗತಾವೇನ್ರಿ?"

"ಹೌದು. ಅನ್ನಾನೂ ಚಮಚದಾಗ ಉಣ್ತಾನ."

"ನೀವು ಫೋನಿನಾಗ ಹೇಳಲಿಲ್ಲ."

"ಅವ ಮಗ್ಗಲದಾಗ ಇದ್ದ."

ಅವಳು ಕಾಗದವನ್ನು ಮತ್ತೆ ರಟ್ಟಿನೊಳಗಿಟ್ಟು, ಬೀರುವಿನ ಮೇಲೆ ಎತ್ತಿಟ್ಟಳು. "ಬರೋ ಐತವಾರ ಇದಕ್ಕ ಕಟ್ಟು ಹಾಕಿಸೂದು ಬ್ಯಾಡ, ಆಮ್ಯಾಲೆ ಹಾಕಿಸಿದ್ರಾತು. ಹಡಗಲಿಗೆ ಹೋಗಿ ಬರೂನು. ಚಮಚದಾಗ ಉಣ್ಣಾಕ ಬರೂವಂಗ ಏನಾರ ಮಾಡ್ಕಂಡು ಬರ್ತೀನಿ" ಎಂದು, ಏನು ಮಾಡಬಹುದೆಂದು ನನ್ನನ್ನೇ ಕೇಳುತ್ತಾ ಅಡುಗೆಮನೆಗೆ ನಡೆದಳು. ನಾನೂ ಹಿಂದೆಯೇ ಹೋದೆ.