ಅತ್ತೆಯ ಲೋಡ್ ವಾಪಸ್

ನೀಲಮ್ಮನ ಎಡಗೆನ್ನೆಯ ಮೇಲೆ ಒಂದೇ ಒಂದು ಭತ್ತದ ಕಾಳು ಅಂಟಿತ್ತು. ಸರಿಯಾಗಿ ನಾನು ಮೀಟರ್ ಇಡಬೇಕಾದ ಜಾಗದಲ್ಲಿ.

"ತೆಗೀಲೇನ್ರಿ?" ಅಂದೆ.

"ಇರ್ಲಿ ಬಿಡವ್ವಾ, ಅದೂ ಒಣಗ್ಲಿ," ಅಂದಳು. ಕಣ್ಣು ಬಿಡಲಿಲ್ಲ. ಕಣದ ತಾಡಪತ್ರಿಯ ಮೇಲೆ, ಹರವಿದ ಭತ್ತದ ಪಕ್ಕದಲ್ಲಿ, ಬಿಸಿಲಿಗೆ ಮುಖವೊಡ್ಡಿ ಮಲಗಿದ್ದಳು. ಅವಳ ಆಚೆಗೆ ಇನ್ನೂ ಎಂಟು ಹೆಂಗಸರು. ಆ ಎಂಟರಲ್ಲಿ ಕೊನೆಯವಳು ನನ್ನ ಸೋದರತ್ತೆ ಶಾಂತಮ್ಮ.

ಇದಕ್ಕೆಲ್ಲ ಕಾರಣ ನಾನೇ. ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ನನ್ನ ಸಂಶೋಧನೆ ಚರ್ಮದ್ದು. ಕೈಯಲ್ಲಿ ಹಿಡಿಯುವ ಪುಟ್ಟ ಮೀಟರೊಂದು ಕಣ್ಣಿಗೆ ಕಾಣದ ಬೆಳಕನ್ನು ಕೆನ್ನೆಗೆ ಬಿಡುತ್ತದೆ. ನೀರು ತನ್ನ ಪಾಲಿನ ಬೆಳಕನ್ನು ನುಂಗುತ್ತದೆ, ಎಣ್ಣೆ ತನ್ನ ಪಾಲನ್ನು. ವಾಪಸ್ ಬಂದ ಬೆಳಕನ್ನು ನೋಡಿ ಚರ್ಮದಲ್ಲಿ ತೇವ ಎಷ್ಟು, ಜಿಡ್ಡು ಎಷ್ಟು ಅಂತ ಹೇಳಬಹುದು. ನೋವಿಲ್ಲ, ಸೂಜಿಯಿಲ್ಲ. (ನನ್ನ ಕೆನ್ನೆಯ ನಂಬರ್ ನಾನು ಯಾರಿಗೂ ಹೇಳಿಲ್ಲ.)

ಕುರುಗೋಡಿನಲ್ಲಿ ಮೆಣಸಿನಕಾಯಿ ಬಿಡಿಸುವವರ ಅಳತೆ ಸಲೀಸಾಗಿ ಮುಗಿದಿತ್ತು. ಇನ್ನು ಬೇಕಿದ್ದವರು ಕಾಲುವೆ ನೀರಿನಲ್ಲಿ ನಾಟಿ ಮಾಡುವವರು. ಹಾಗಾಗಿ ಸಿರುಗುಪ್ಪದಲ್ಲಿ ಬಸ್ಸು ಬದಲಿಸಿ ಕರೂರಿಗೆ, ಅತ್ತೆಯ ಮನೆಗೆ ಬಂದೆ. ಮೀಟರ್ ನನ್ನದಲ್ಲ, ಎರವಲು. ಮರುದಿನ ಮಧ್ಯಾಹ್ನ ಬಳ್ಳಾರಿಯಲ್ಲಿ ವಾಪಸ್ ಕೊಡಬೇಕು. ಈ ಹೆಂಗಸರ ಅಳತೆ ಸಿಗದಿದ್ದರೆ ನನ್ನ ಪ್ರಬಂಧದ ಅರ್ಧ ಖಾಲಿ.

ಅತ್ತೆ ತನ್ನ ಜೊತೆ ನಾಟಿ ಮಾಡುವ ಹೆಂಗಸರನ್ನು ಅಂಗಳಕ್ಕೆ ಕರೆದು, ಮೊದಲು ತಾನೇ ಕೂತಳು. ನಾನು ನಂಬರನ್ನು ಗಟ್ಟಿಯಾಗಿ ಓದಿದೆ. "ತೇವಾಂಶ ಭಾಳ ಚಲೋ ಐತಿ ಅತ್ತೀ, ಜಾಸ್ತಿ ಬಂದೈತಿ!"

ಹೆಂಗಸರು ಮುಖ ಮುಖ ನೋಡಿಕೊಂಡರು. ಆಮೇಲೆ ನೀಲಮ್ಮ ಅಂದಳು: "ಶಾಂತಕ್ಕಾ, ನಿನ್ನ ಲೋಡ್ ವಾಪಸ್!"

ನಗು ಸಿಡಿಯಿತು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತೇ ಬೇಕಾಯಿತು. ಈ ಊರಲ್ಲಿ ತೇವಾಂಶದ ಮೀಟರ್ ಅಂದರೆ ರೈಸ್ ಮಿಲ್ಲಿನದು. ಭತ್ತದಲ್ಲಿ ತೇವ ಜಾಸ್ತಿ ಬಂದರೆ ರೇಟ್ ಇಳಿಯುತ್ತದೆ, ಇಲ್ಲವೆ ಟ್ರ್ಯಾಕ್ಟರ್ ತಿರುಗಿ ಮನೆಗೆ ಬರುತ್ತದೆ. ಅತ್ತೆಯ ಭತ್ತ ಇವತ್ತಿನವರೆಗೆ ವಾಪಸ್ ಬಂದಿದ್ದಿಲ್ಲ. ಈಗ ಕೆನ್ನೆ ಬಂತು.

"ಜಿಡ್ಡೂ ತೋರಿಸ್ತೈತ್ರಿ," ಅಂದೆ, ಮಾತು ತಿರುಗಿಸಲು.

"ಎಣ್ಣಿ ತೆಗಿಯಾಕ ನಾವೇನು ಸೇಂಗಾ ಏನು?" ಅಂದಳು ಅತ್ತೆ, ಎದ್ದು ಹೋಗುತ್ತ.

ಉಳಿದವರು ಊಟ ಮಾಡಿ ಬರುತ್ತೇವೆ ಅಂದರು. ಬರಲಿಲ್ಲ. ಹುಡುಕಿಕೊಂಡು ಹೋದಾಗ ಕಣದಲ್ಲಿ ಒಣಗುತ್ತಿದ್ದರು. ನಡುನಡುವೆ ಒಬ್ಬಳು "ಹೊಳ್ಳಿ ಮಕ್ಕೋರ್ರಿ" ಅನ್ನುವುದು, ಎಲ್ಲರೂ ಮಗ್ಗುಲು ಬದಲಿಸುವುದು!

ಬಿಸಿಲಿನಲ್ಲಿ ಕಾದ ಕೆನ್ನೆಯ ಅಳತೆ ನನಗೆ ಉಪಯೋಗವಿಲ್ಲ. ಬೇಡಿಕೊಂಡೆ. "ಇದು ಭತ್ತ ಅಲ್ರಿ, ಚರ್ಮ. ಇದ್ರಾಗ ತೇವ ಇದ್ದಷ್ಟೂ ಚಲೋ."

ನೀಲಮ್ಮ ಎದ್ದು ಕೂತಳು. "ಮೊದ್ಲ ಹೇಳಬಾರ್ದೇನವ್ವಾ?"

ಒಂಬತ್ತೂ ಜನ, ಅತ್ತೆಯೂ ಸೇರಿ, ನಲ್ಲಿಯತ್ತ ಓಡಿದರು. ಕೊಡಗಟ್ಟಲೆ ನೀರು ಸುರಿದುಕೊಂಡು, ಸೆರಗಿನಿಂದ ತೊಟ್ಟಿಕ್ಕಿಸುತ್ತ ಬಂದು ಸಾಲಾಗಿ ನಿಂತರು. "ಈಗ ಹಚ್ಚು."

ಇನ್ನೇನು ಹಚ್ಚಲಿ? ಮೀಟರನ್ನು ಕರ್ಚೀಫಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿದೆ. ಅರ್ಧ ಪ್ರಬಂಧ ಹೋಯಿತು. ಬೇಸರವನ್ನು ಯಾರಿಗೂ ತೋರಿಸಲಿಲ್ಲ.

ಅತ್ತೆಗೆ ಮಾತ್ರ ಕಂಡಿರಬೇಕು. ಸಂಜೆ ರೊಟ್ಟಿ ತಟ್ಟುತ್ತ ಅಂದಳು: "ಮೀಟರ್ ಮುಂದ ಯಾರು ಇದ್ದಂಗ ಇರ್ತಾರಲೇ? ಮಿಲ್ಲಿನಾಗ ನಂಬರ್ ಮಿಲ್ಲಿನವರ ಕಡಿಗಿ ತಿರುಗಿರ್ತೈತಿ, ಬ್ಯಾರೆ ಯಾರಿಗೂ ಕಾಣಂಗಿಲ್ಲ. ನೀನ್ಯಾಕ ಊರಿಗೆಲ್ಲ ಒದರಿದಿ? ತೇವ ಚಲೋ ಅಂತ ನೀ ಎಷ್ಟು ಹೇಳಿದ್ರೂ ನಮ್ಮ ಮನಸಿಗೆ ಒಣಗಿದ್ದೇ ಚಲೋ."

ಹೌದಲ್ಲ? ತೂಕದ ಯಂತ್ರ ಹತ್ತುವಾಗ ಚಪ್ಪಲಿ ಬಿಡುತ್ತೇವೆ, ಉಸಿರು ಬಿಗಿಹಿಡಿಯುತ್ತೇವೆ. (ಉಸಿರಿಗೆ ಎಷ್ಟು ತೂಕ?) ರಕ್ತ ಪರೀಕ್ಷೆಗೆ ಮುಂಚಿನ ಒಂದು ವಾರ ಮಾತ್ರ ಸಿಹಿ ಬಿಡುವವರು ಬಳ್ಳಾರಿಯ ನಮ್ಮ ಸತ್ಯನಾರಾಯಣಪೇಟೆಯ ಪ್ರತಿ ಬೀದಿಯಲ್ಲೂ ಇದ್ದಾರೆ. ಅವರು ನಲ್ಲಿಯ ಕೆಳಗೆ ನಿಲ್ಲುವುದಿಲ್ಲ, ಅಷ್ಟೇ. ಅಳೆಯುವುದು ಕಾಯಿಲೆಯನ್ನೋ ನಮ್ಮನ್ನೋ ಎಂಬ ಅನುಮಾನ ಎಲ್ಲರಿಗೂ ಇದೆ. ಯಾವುದಕ್ಕೂ ಇರಲಿ ಅಂತ ಪಾಸಾಗಲು ನೋಡುತ್ತೇವೆ.

ಮರುದಿನ ಬೆಳಿಗ್ಗೆ, ಬಿಸಿಲು ಏರುವ ಮೊದಲು, ಯಾರೂ ಮುಖ ತೊಳೆಯುವ ಮೊದಲು, ಮೀಟರಿನ ಪರದೆಯ ಮೇಲೆ ಗಾಯಕ್ಕೆ ಹಚ್ಚುವ ಪಟ್ಟಿ ಅಂಟಿಸಿದೆ. ನಂಬರ್ ಮೀಟರಿನ ಒಳಗೆ ತಾನಾಗಿಯೇ ದಾಖಲಾಗಿ ಉಳಿಯುತ್ತದೆ. ಅತ್ತೆಯಿಂದ ಶುರುಮಾಡಿ ಮನೆ ಮನೆಗೆ ಹೋದೆ. ನಿದ್ದೆಗಣ್ಣಿನ ಒಂದೊಂದು ಕೆನ್ನೆಗೂ ಬೆಳಕು ಬಿಟ್ಟು, ಒಬ್ಬೊಬ್ಬರ ಕಿವಿಯಲ್ಲೂ ಒಂದೇ ಸುಳ್ಳು ಹೇಳಿದೆ: "ಪೂರಾ ಒಣಗೈತ್ರಿ. ಪಾಸ್."