ಶಾಂತಕ್ಕನ ಏಳನೇ ಟ್ಯೂಬು

ರಕ್ತ ತೆಗೆಯುವ ದಿನ ಮೊದಲ ಸೂಜಿ ಶಾಂತಕ್ಕನಿಗೇ. ಗೋಕುಲ ರಸ್ತೆಯ ನಮ್ಮ ಸಣ್ಣ ಲ್ಯಾಬಿಗೆ ಅವರೇ ಹಿರಿಯರು. ಸೆರಗು ಸರಿಸಿ ತೋಳು ಚಾಚಿ, "ಹೂಂ, ಚುಚ್ರಿ ನೋಡೂಣು" ಅನ್ನುತ್ತಿದ್ದರು. ಆ ರಕ್ತವನ್ನು ರೋಗಿಗಳ ಟ್ಯೂಬುಗಳ ನಡುವೆ ಸೇರಿಸಿ, ನಂಬರನ್ನು ಚೀಟಿಯಲ್ಲಿ ಬರೆದು ಕನ್ನಡಕದ ಡಬ್ಬಿಯಲ್ಲಿ ಮುಚ್ಚಿಡುವರು. ಯಾರಿಗೂ ಹೇಳುತ್ತಿರಲಿಲ್ಲ. ಎಲ್ಲ ಮುಗಿದ ಮೇಲೆ ಚೀಟಿ ಬಿಚ್ಚಿದಾಗ ಪರದೆಯ ಮೇಲೆ ಅವರ ರಕ್ತದ ಗೆರೆ ಎಂದಿನ ಜಾಗದಲ್ಲೇ ಬಂದಿದ್ದರೆ ಸಾಫ್ಟ್‌ವೇರ್ ನಿಜ ಹೇಳುತ್ತಿದೆ ಎಂದರ್ಥ.

ಡಿಎನ್‌ಎ ಮೇಲೆ ಅಂಟಿಕೊಂಡಿರುವ ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುರುತುಗಳನ್ನು ಓದುವುದು ನಮ್ಮ ಕೆಲಸ. ಲಕ್ಷಾಂತರ ಗುರುತುಗಳನ್ನು ಸಾಫ್ಟ್‌ವೇರ್ ಒಟ್ಟಿಗೇ ಓದಿ, ಒಬ್ಬೊಬ್ಬರಿಗೆ ಒಂದೊಂದು ಗೆರೆ ಎಳೆಯುತ್ತದೆ. ಹೊಸದರಲ್ಲಿ ನಾನು ತಲೆಬುಡ ತಿಳಿಯದೆ ಕೂತಿದ್ದಾಗ ಶಾಂತಕ್ಕ, "ಎಲ್ಲಾ ಕಣದಾಗೂ ಅಡಗಿ ಪುಸ್ತಕ ಅದ ಇರ್ತೈತಿ ತಮ್ಮಾ. ಯಾವ ಪುಟಕ್ಕ ಪಿನ್ನು ಹೊಡದು ಮುಚ್ಚ್ಯಾರ, ನಾವು ಅಷ್ಟ ನೋಡೂದು" ಅಂದಿದ್ದರು.

ಅವರದು ಕಾಳುಕಡಿ ವ್ಯಾಪಾರದ ಮನೆತನ. ಸಾಫ್ಟ್‌ವೇರನ್ನು ಜರಡಿ ಎಂದೇ ಕರೆಯುವರು. "ಜರಡಿಗೆ ತನ್ನ ತೂತಿನ ಅಳತಿ ಅಷ್ಟ ಗೊತ್ತು. ಹೊಟ್ಟು ಚೆಲ್ಲೂ ಮೊದಲ ಒಮ್ಮೆ ಕೈಯಾಡಸಬೇಕು." ಈ ಮಾತನ್ನು ನಾನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟವನು.

ದೀಪಾವಳಿಗೆ ಮುಂಚಿನ ಬ್ಯಾಚಿನಲ್ಲಿ ಏಳನೇ ಟ್ಯೂಬಿನ ಗೆರೆ ಎಲ್ಲರನ್ನೂ ಬಿಟ್ಟು ಎತ್ತಲೋ ಹೋಗಿತ್ತು. 'ಮಾದರಿ ಕೆಟ್ಟಿರಬಹುದು, ತೆಗೆಯಲೇ?' ಎಂದು ಸಾಫ್ಟ್‌ವೇರ್ ಕೇಳಿತು. ನನಗೆ ಹಬ್ಬಕ್ಕೆ ಊರಿಗೆ ಹೊರಡುವ ಅವಸರ. ಹೂಂ ಎಂದು ಒತ್ತಿಬಿಟ್ಟೆ. ರಕ್ತ ಕೊಟ್ಟ ಮರುದಿನದಿಂದ ಶಾಂತಕ್ಕ ಜ್ವರವೆಂದು ರಜೆಯಲ್ಲಿದ್ದರು, ಚೀಟಿ ಡಬ್ಬಿಯಲ್ಲೇ ಮರೆತುಹೋಯಿತು. ಆಮೇಲೂ ಜ್ವರ ಬಂದು ಹೋಗಿ ಮಾಡುತ್ತಿತ್ತು. ಮೆಟ್ಟಿಲ ನಡುವೆ ನಿಂತು ಏದುಸಿರು ಬಿಡುತ್ತ, "ವಯಸ್ಸಾತು ನೋಡಪಾ" ಎಂದು ನಗುತ್ತಿದ್ದರು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಆ ಚೀಟಿ ಹಿಡಿದು ನನ್ನ ಮೇಜಿನ ಹತ್ತಿರ ಬಂದರು.

"ತಮ್ಮಾ, ಏಳು ಎಲ್ಲೈತಿ?"

"ಅದು ಕೆಟ್ಟಿತ್ತರಿ ಅಕ್ಕಾರ, ತಗದೇನಿ."

"ಅದು ನಂದ."

ಏಳನ್ನು ಮತ್ತೆ ಸೇರಿಸಿ ಓದಿಸಿದೆವು. ಟ್ಯೂಬು ಕೆಟ್ಟಿರಲೇ ಇಲ್ಲ. ಬಿಳಿ ರಕ್ತಕಣಗಳಲ್ಲಿ ಒಂದೇ ಜಾತಿಯದು ಉಳಿದವನ್ನೆಲ್ಲ ನುಂಗಿ ಬೆಳೆದಿತ್ತು. ಶಾಂತಕ್ಕ ಪರದೆಯನ್ನೇ ನೋಡುತ್ತ, "ಗೆರಿ ಖರೇನ ಹೇಳೈತಲ್ಲೋ" ಅಂದರು.

ಅದು ರಕ್ತದ ಕ್ಯಾನ್ಸರ್. ಮೂರು ತಿಂಗಳ ಮೊದಲೇ ಬರಬೇಕಿತ್ತು ಎಂದರು ಡಾಕ್ಟರು. ಆ ಮೂರು ತಿಂಗಳನ್ನು ನುಂಗಿದ್ದು ನನ್ನ ಒಂದು ಬೆರಳು.

ಕೊನೆಯ ಸಲ ಆಸ್ಪತ್ರೆಯಲ್ಲಿ ಕಂಡಾಗ, "ತಪ್ಪಾತ್ರಿ ಅಕ್ಕಾರ" ಎಂದು ಅತ್ತುಬಿಟ್ಟೆ.

"ನಂಬರ್ ಮುಚ್ಚಿಟ್ಟಾಕಿ ನಾನ ಅಲ್ಲೇನು? ಇನ್ನ ಮುಂದ ಯಾರ ರಕ್ತ ಹಾಕ್ತಿ?"

"ನಂದ ಹಾಕ್ತೇನ್ರಿ."

"ಹಂಗಾರ ಹೆಸರು ದೊಡ್ಡದಾಗಿ ಬರದ ಹಾಕು. ಕಾಣಲಿಲ್ಲಂದ್ರ ಯಾರರೆ ಹುಡುಕ್ಯಾರು."

ಮೊದಲ ಸೂಜಿ ಈಗ ನನಗೆ. ಹೆಸರು ಬರೆದೇ ಹಾಕುತ್ತೇನೆ. ಶಾಂತಕ್ಕ ಇಲ್ಲ, ಅವರ ಏಳನೇ ಗೆರೆ ಮಾತ್ರ ಕಡತದಲ್ಲಿದೆ. ಆ ಹಳೆಯ ಬ್ಯಾಚು ತೆರೆದಾಗಲೆಲ್ಲ ಸಾಫ್ಟ್‌ವೇರ್ 'ತೆಗೆಯಲೇ?' ಎಂದು ಕೇಳುತ್ತದೆ. ಬೇಡ ಎಂದು ಒತ್ತುತ್ತೇನೆ.