ಶಾರದೆಯ ಮುಂದೆ ಕೂತ ಡಾಂಗಲ್

ಡಾಂಗಲ್ ನಂಬಿ ಬದುಕುವ ಗೆಳೆಯರೇ, ನನ್ನದು ಇವತ್ತು ದೇವರ ಕೋಣೆ ಸೇರಿದೆ.

ಹೆಬ್ಬೆರಳಿನಷ್ಟು ಪ್ಲಾಸ್ಟಿಕ್ ತುಂಡು ಅದು. ಕಂಪ್ಯೂಟರಿಗೆ ಸಿಕ್ಕಿಸದಿದ್ದರೆ, ಪ್ರೋಗ್ರಾಂ ಬರೆಯಲು ದುಡ್ಡು ಕೊಟ್ಟು ಕೊಂಡ ಕಂಪೈಲರ್ ಎಂಬ ಸಾಫ್ಟ್‌ವೇರ್ ನನ್ನನ್ನು ಕಳ್ಳನಂತೆ ನೋಡುತ್ತದೆ, ಒಂದು ಸಾಲೂ ಕೆಲಸ ಮಾಡುವುದಿಲ್ಲ. ನಾಳೆ ಎಕ್ಕಂಬಿಯ ಡೇರಿಗೆ ಹಾಲು ಪರೀಕ್ಷಿಸುವ ಯಂತ್ರದ ಪ್ರೋಗ್ರಾಂ ಕೊಡಬೇಕು. ಬೆಳಗ್ಗೆ ನೋಡಿದರೆ ಡಾಂಗಲ್ ಇಲ್ಲ. ಶಾರದಾ ಪೂಜೆಗೆ ಪೇರಿಸಿಟ್ಟ ಪುಸ್ತಕಗಳ ಮೇಲೆ, ಕುಂಕುಮ ಹಚ್ಚಿಸಿಕೊಂಡು ಕೂತಿತ್ತು.

"ಆಯಿ, ಇದನ್ನ ಎಂತಕ್ಕೆ ಇಲ್ಲಿ ಇಟ್ಟಿದ್ದು?" ಎಂದು ಅಮ್ಮನನ್ನು ಕೇಳಿದೆ.

"ಇದಿಲ್ದೇ ಹೋದ್ರೆ ಕಂಪ್ಯೂಟರ್ ಬರೀ ಡಬ್ಬ ಹೇಳಿ ನೀನೇ ಹೇಳಿದ್ದಿಲ್ಯ? ಇನ್ನು ದಶಮಿವರೆಗೆ ಮುಟ್ಟಲಾಗ."

ಕಂಪೈಲರ್ ಮಾರಿದ ಕಂಪನಿಗೆ ಫೋನ್ ಮಾಡಿ, ಡಾಂಗಲ್ ಇಲ್ಲದೆ ಮೂರು ದಿನ ನಡೆಸಲು ಏನಾದರೂ ದಾರಿ ಇದೆಯೇ ಎಂದು ಕೇಳಿದೆ.

"ಕಳೆದುಹೋಗಿದೆಯಾ ಸಾರ್?"

"ಇಲ್ಲ, ಕಣ್ಣೆದುರಿಗೇ ಇದೆ. ಪೂಜೆಗಿಟ್ಟಿದ್ದಾರೆ."

"ಕಳೆದರೆ ಹೊಸ ಲೈಸೆನ್ಸ್ ತಗೋಬೇಕು. ಪೂಜೆಗೆ ನಮ್ಮಲ್ಲಿ ರೂಲ್ ಇಲ್ಲ ಸಾರ್."

ಫೋನ್ ಇಟ್ಟೆ. ಆಯಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ನೀ ದುಡ್ಡು ಕೊಟ್ಟು ತಂದಿದ್ದಕ್ಕೂ ಅವ್ರನ್ನೇ ಕೇಳವಾ?"

"ಹೌದು."

"ಎಷ್ಟು ವರ್ಷಾತು?"

"ಆರು."

"ಆರು ವರ್ಷ ನೀ ಅವ್ರು ಹೇಳ್ದಂಗೆ ಕೇಳಿದ್ದೆ. ಶಾರದೆಗೆ ಮೂರು ದಿನ ಕೊಡಲೆ ಎಂತ ಕಷ್ಟ ನಿಂಗೆ?"

ಎಕ್ಕಂಬಿಗೆ ಏನು ಹೇಳುವುದೆಂದು ಇನ್ನೂ ಯೋಚಿಸುತ್ತಿದ್ದೇನೆ. ಡಾಂಗಲ್ ಮಾತ್ರ ತಲೆಯ ಮೇಲೊಂದು ದಾಸವಾಳ ಇಟ್ಟುಕೊಂಡು ಆರಾಮಾಗಿದೆ. ಆರು ವರ್ಷದಲ್ಲಿ ನಮ್ಮಿಬ್ಬರ ಪೈಕಿ ರಜೆ ಸಿಕ್ಕಿದ್ದು ಅದಕ್ಕೆ.